ಒಮ್ಮೊಮ್ಮೆ

ದಿನಾ ಕೆಟ್ಟರೆ ಸುಲಭ.
ದಿನಾ ಕೆಡುವುದನ್ನು ಹಿಡಿದು ಕೂರಿಸಿ ಕೇಳಬಹುದು.
ಇದು ಒಮ್ಮೊಮ್ಮೆ.

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಒಳ್ಳೆಮೆಣಸು ಕೊಳ್ಳುವ ಅಂಗಡಿಯ ಮಹಡಿ.
ಘಾಟು ಹಲಗೆ ಸಂದಿಯಿಂದ ಏರಿ ಬರುವ ಕೋಣೆಯಲ್ಲಿ
ನಾನೇ ಕೈಯಾರೆ ಜೋಡಿಸಿದ ಕಂಪ್ಯೂಟರು.
ಬೋರ್ಡು ಮೈಸೂರಿನದು, ಪ್ರೊಸೆಸರು ಕೊರಿಯರಿನದು,
ಡಬ್ಬಿ ಮಾತ್ರ ಹಳೆಯದು, ಮೊಯ್ದು ಕೊಟ್ಟದ್ದು,
ಒಂದು ಬದಿಗೆ ಬಾಗಿಲಿಲ್ಲ.

ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ,
ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಹಳದಿ ದೀಪ ಹತ್ತುತ್ತದೆ,
ಆಮೇಲೆ ಪರದೆ ಬೆಳಗುತ್ತದೆ,
ಇಲ್ಲವೋ
ಗಂಟಲಲ್ಲಿ ಕಡುಬು ಸಿಕ್ಕವರ ಹಾಗೆ
ನಿಂತುಬಿಡುತ್ತದೆ.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ:
ನಲವತ್ತೊಂದು ಸಲ ಒತ್ತಿದ್ದು, ಏಳು ಸಲ ನಿಂತದ್ದು.
ಏಳರಲ್ಲಿ ಐದು ಬೆಳಗಿನ ಚಳಿಗೆ,
ಒಂದು ಕರೆಂಟು ಹೋಗಿ ಬಂದ ಮೇಲೆ,
ಒಂದಕ್ಕೆ ಕಾರಣವೇ ಇಲ್ಲ.
ಅದೇ ಹೆಚ್ಚು ಕಾಡಿದ್ದು.

ಮೊಯ್ದು ಬಂದ, ಪಂಪು ಮೋಟಾರು ರಿಪೇರಿಯವನು.
"ಕಾಫಿ ಹೂವಿಗೆ ಎಲ್ಲ ತೋಟದಲ್ಲೂ ಸ್ಪ್ರಿಂಕ್ಲರು,
ವೋಲ್ಟೇಜು ಎಲ್ಲಿಂದ ಬರ್ಬೇಕು" ಎಂದ.
ಮೀಟರು ಹಿಡಿದೆವು. ಇನ್ನೂರ ಇಪ್ಪತ್ತೆಂಟು. ಅದಲ್ಲ.
ಪವರ್ ಸಪ್ಲೈ ಬದಲಿಸಿ ನೋಡಿದೆವು. ಅದೂ ಅಲ್ಲ.
ರ್‍ಯಾಮ್ ಕಡ್ಡಿಗಳನ್ನು ಕಿತ್ತು
ಮಗಳ ಪೆನ್ಸಿಲ್ ರಬ್ಬರಿನಿಂದ ಅಂಚು ಉಜ್ಜಿದ,
ಟಿಕ್ ಎನ್ನುವವರೆಗೆ ಒತ್ತಿ ಕೂರಿಸಿದ.
ಎರಡು ದಿನ ಸರಿ. ಮೂರನೆಯ ಬೆಳಿಗ್ಗೆ ಮತ್ತೆ.
"ರೀಸೆಟ್ ಒತ್ತು ಪೂವಣ್ಣ, ಮೊದಲಿಂದ ಶುರು ಮಾಡ್ಲಿ."

ಮೊದಲಿಂದ ಶುರು ಮಾಡು.
ಈ ಮಾತು ನನಗೆ ಗೊತ್ತು.
ಮೂರನೆಯ ಕ್ಲಾಸಿನ ಹಾಜರಿ;
ನನ್ನ ಹೆಸರಿಗೂ ಪ, ಪ್ರೆಸೆಂಟಿಗೂ ಪ,
ಕೂಡಿದ ತುಟಿ ಬಿಡಿಸಲಾರದೆ ನಿಂತಾಗ
ಟೀಚರು, ಒಳ್ಳೆಯವರೇ, ಎನ್ನುತ್ತಿದ್ದರು:
"ನಿಧಾನ, ಮೊದಲಿಂದ ಹೇಳು."
ಮೊದಲಲ್ಲೇ ಅಲ್ಲವೆ ನಾನು ಸಿಕ್ಕಿಕೊಂಡದ್ದು.

ಮೈಸೂರಿನ ಅಂಗಡಿಗೆ ಫೋನು ಮಾಡಿದೆ.
"ಹಲೋ... ಹಲೋ... ಯಾರ್ರೀ?"
ಬೋರ್ಡಿನ ಹೆಸರು ಬಾಯೊಳಗೆ
ಚಪ್ಪಲಿ ಹಾಕಿಕೊಂಡು ಹೊರಟು ನಿಂತಿತ್ತು.
ಇಟ್ಟುಬಿಟ್ಟರು.
ಅವರ ಪ್ರಕಾರ ಲೈನು ಸರಿಯಿರಲಿಲ್ಲ.

ನನ್ನ ಕಸುಬು ಹೇಳಲಿಲ್ಲ: ಮದುವೆ ವೀಡಿಯೊ ಕತ್ತರಿಸುವುದು.
ಹರಸುತ್ತಾ ಹರಸುತ್ತಾ ಹೆಸರು ಮರೆತ ಹಿರಿಯ,
ಮೈಕು ಹಿಡಿದು ಮದುಮಗಳು ಉಗುಳು ನುಂಗಿದ ನಾಲ್ಕು ಸೆಕೆಂಡು,
ಎಲ್ಲ ತೆಗೆಯುತ್ತೇನೆ.
ನನ್ನ ಮದುವೆಗಳಲ್ಲಿ ಯಾರೂ ತಡವರಿಸುವುದಿಲ್ಲ.
ದುಡ್ಡು ಪರವಾಗಿಲ್ಲ.

ಕೊನೆಗೆ ತಿಳಿದದ್ದು ಬುದ್ಧಿಯಿಂದಲ್ಲ.
ಒಂದು ಬೆಳಿಗ್ಗೆ ಅದು ನಿಂತು, ನಾನು ಕೈ ಚಾಚುವಷ್ಟರಲ್ಲಿ
ಕೆಳಗೆ ಮೆಣಸಿನ ಜೀಪು ಬಂತು, ಆಳಿಲ್ಲವೆಂದು ಕೂಗಿದರು.
ಹನ್ನೊಂದು ಚೀಲ ಇಳಿಸಿ,
ಚೋಂದಮ್ಮಕ್ಕ ಕೊಟ್ಟ ಬೆಲ್ಲದ ಕಾಫಿ ಕುಡಿದು
ಮೀಸೆಯಲ್ಲಿ ಧೂಳಿಟ್ಟುಕೊಂಡು ಹತ್ತಿ ಬಂದರೆ
ಪರದೆ ಬೆಳಗಿ, ಏನೂ ಆಗದವರ ಹಾಗೆ,
ಪಾಸ್‌ವರ್ಡ್ ಕೇಳುತ್ತಿದೆ.

ಮುಂದಿನ ಸಲ ಗಡಿಯಾರ ಹಿಡಿದು ಕೂತೆ.
ನಾಲ್ಕು ನಿಮಿಷ, ಹತ್ತು ಸೆಕೆಂಡು.
ಹೊಸ ಬೋರ್ಡು, ಹೊಸ ನೆನಪಿನ ಕಡ್ಡಿ;
ಒಂದರ ಮಾತು ಇನ್ನೊಂದಕ್ಕೆ ಮುಟ್ಟಲು ಎಷ್ಟು ಹೊತ್ತೆಂದು
ಚಳಿ ಹೆಚ್ಚಿದ ದಿನ ಮತ್ತೆ ಅಳೆದುಕೊಳ್ಳುತ್ತವಂತೆ,
ಕಪ್ಪು ಪರದೆಯ ಹಿಂದೆ, ಯಾರಿಗೂ ಹೇಳದೆ.
ನಾವು ನಡುವೆ ಗುಂಡಿ ಒತ್ತಿದಾಗಲೆಲ್ಲ
ಪಾಪ, ಮೊದಲ ಮೆಟ್ಟಿಲಿಗೆ ಇಳಿಯುತ್ತಿತ್ತು.

ಆ ಒಂದು ಸಲ ಮಾತ್ರ, ಕಾರಣವಿಲ್ಲದ್ದು,
ಇನ್ನೂ ಗೊತ್ತಾಗಿಲ್ಲ. ಇರಲಿ.

ಮೊನ್ನೆ ಮೊಯ್ದು ಕೇಳಿದ: "ಏನಾಗಿತ್ತು ಅದಕ್ಕೆ?"
ಹೇಳಹೊರಟೆ. ತುಟಿ ಕೂಡಿಕೊಂಡಿತು.
ಕೆಳಗೆ ಮೆಣಸು ಜರಡಿಯಾಡಿಸುವ ಸದ್ದು.
ಅವನು ಸ್ಪ್ಯಾನರು ಒರೆಸಿದ, ಒರೆಸಿದ್ದನ್ನೇ ಒರೆಸಿದ.
ಒಮ್ಮೆ ಅವನ ಬಾಯಿ ತೆರೆಯಿತು
ನನ್ನ ಮಾತು ತಾನೇ ಮುಗಿಸಿಕೊಡಲು.
ಮತ್ತೆ ಮುಚ್ಚಿತು.